ಬಿದ್ದ ಮರಿಯನ್ನು ಎತ್ತಬೇಕೇ?

ಗೂಡಿನಿಂದ ಬಿದ್ದ ಮರಿಯನ್ನು ಎತ್ತಬೇಕೇ, ಬೇಡವೇ? ಕೇಳುವುದಕ್ಕೆ ಇದು ಮಕ್ಕಳ ಪ್ರಶ್ನೆ. ಉತ್ತರವೂ ಎಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮನಸ್ಸು ಮೆತ್ತಗಿರುವವರು “ಅಯ್ಯೋ ಪಾಪ, ಎತ್ತಬೇಕು” ಎನ್ನುತ್ತಾರೆ. ನಾಲ್ಕು ಪುಸ್ತಕ ಓದಿದವರು “ಪ್ರಕೃತಿಯ ಕೆಲಸದಲ್ಲಿ ನಾವು ಕೈ ಹಾಕಬಾರದು” ಎನ್ನುತ್ತಾರೆ. ದೇವರ ಮೇಲೆ ಭಾರ ಹಾಕುವವರು “ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ” ಎಂದು ಮುಂದಕ್ಕೆ ನಡೆಯುತ್ತಾರೆ. ಈ ಮೂವರಲ್ಲಿ ಯಾರದ್ದೂ ಪೂರ್ತಿ ತಪ್ಪಲ್ಲ. ಆದರೆ ಮೂವರಿಗೂ ಉತ್ತರ ಮೊದಲೇ ಗೊತ್ತಿರುವುದರಿಂದ, ಆ ಮರಿಯ ಹತ್ತಿರ ಒಂದು ಗಳಿಗೆ ನಿಂತು ಅದು ಬಿದ್ದದ್ದು ಹೇಗೆ ಎಂದು ನೋಡುವ ಪ್ರಮೇಯವೇ ಬರುವುದಿಲ್ಲ.

ನಮ್ಮ ಮಂಡ್ಯ ಸೀಮೆಯವರಿಗೆ ಇದು ಬರೀ ಪಠ್ಯಪುಸ್ತಕದ ಪ್ರಶ್ನೆಯಲ್ಲ. ಕಬ್ಬು, ಭತ್ತ, ರಾಗಿಮುದ್ದೆಗೆ ಹೆಸರಾದ ಈ ಜಿಲ್ಲೆಯಲ್ಲಿ ಪ್ರಾಣಿಪಕ್ಷಿಗಳಿಗೆಂದು ಬಿಟ್ಟ ಜಾಗಗಳು ಒಂದೆರಡಲ್ಲ. ಪಾಂಡವಪುರದ ಕಡೆ ಮೇಲುಕೋಟೆಯ ಬೆಟ್ಟಸಾಲಿನಲ್ಲಿ ತೋಳಗಳಿಗಾಗಿ 1974ರಲ್ಲಿ ಆದ ವನ್ಯಧಾಮವಿದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಲ್ಲಿ ಆದ ನವಿಲುಧಾಮವಿದೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುವೆ ರಂಗನತಿಟ್ಟು. ಮದ್ದೂರು ತಾಲ್ಲೂಕಿನಲ್ಲಿ ಊರಿಗೆ ಊರೇ ಹಕ್ಕಿಗಳ ಬಾಣಂತಿಕೋಣೆಯಾದ ಕೊಕ್ಕರೆ ಬೆಳ್ಳೂರು. ನಮ್ಮ ಕಿಕ್ಕೇರಿಯವರು ಕೃಷ್ಣರಾಜಪೇಟೆ, ಪಾಂಡವಪುರದ ಮೇಲೆ ಹಾದು ಹೋಗುವ ರಸ್ತೆ ಹಿಡಿದರೆ ಬೆಳಗಿನ ತಿಂಡಿಯ ಹೊತ್ತಿಗೆಲ್ಲ ಕಾವೇರಿಯ ದಡದಲ್ಲಿರಬಹುದು.

ಹೀಗೆ ಹೋಗಿಬರುವುದಕ್ಕೂ ನಮ್ಮಲ್ಲಿ ಒಂದು ಪಂಚಾಂಗವಿದೆ. ಸಂಕ್ರಾಂತಿಯ ಹಿಂದುಮುಂದು, ಹಸುಗಳಿಗೆ ಕಿಚ್ಚು ಹಾಯಿಸುವ ದಿನಗಳಲ್ಲಿ, ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಜೋಡಿ ಕಟ್ಟಿ ಕಡ್ಡಿ ಹೊರುತ್ತಿರುತ್ತವೆ. ಶಿವರಾತ್ರಿ ಕಳೆದು ಯುಗಾದಿ ಬರುವಾಗ ಗೂಡುಗಳಲ್ಲಿ ಮರಿಗಳ ಗಲಾಟೆ. ಮುಂಗಾರು ಹಿಡಿದ ಮೇಲೆ ಬೇರೆ ಹಕ್ಕಿಗಳ ಸರದಿ. ಚುಂಚನಗಿರಿಯ ಕಡೆ ನವಿಲು ಗರಿ ಬಿಚ್ಚುವುದೂ ಆಗಲೇ. ಆಷಾಢ ಶ್ರಾವಣದಲ್ಲಿ ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟರೆ ರಂಗನತಿಟ್ಟಿನ ದೋಣಿಗಳು ದಡ ಸೇರುತ್ತವೆ. ದಸರೆಯ ರಜೆಯಲ್ಲಿ ಮತ್ತೆ ಜನಜಾತ್ರೆ. ಹಬ್ಬಗಳನ್ನು ಲೆಕ್ಕ ಇಟ್ಟ ಹಾಗೆಯೇ ನಮ್ಮ ಕಡೆಯ ಎಷ್ಟೋ ಮನೆಗಳವರು ಈ ಹಕ್ಕಿಗಳ ಬರುವಿಕೆಯನ್ನೂ ಲೆಕ್ಕ ಇಟ್ಟಿರುತ್ತಾರೆ.

ಮನೆಮಂದಿಯೆಲ್ಲ ಹೋಗುವುದೆಂದರೆ ನಿಮಗೆ ಗೊತ್ತೇ ಇದೆ. ಹಿಂದಿನ ರಾತ್ರಿಯೇ ಪುಳಿಯೋಗರೆಯ ಗೊಜ್ಜು ಆಗಬೇಕು. ಮೊಸರನ್ನದ ಡಬ್ಬಿ, ಹಾಸುವುದಕ್ಕೆ ಹಳೆಯ ಜಮಖಾನ, ಚಿಕ್ಕವರಿಗೆ ಒಂದು ಜೊತೆ ಬಟ್ಟೆ, ಅತ್ತೆಯವರ ಮಾತ್ರೆ, ಎಲ್ಲದರ ನೆನಪೂ ಹೆಂಗಸರ ತಲೆಯಲ್ಲೇ ಇರಬೇಕು. ಅಲ್ಲಿ ಹೋಗಿ ಎಲ್ಲರನ್ನೂ ದೋಣಿಗೆ ಹತ್ತಿಸಿ ತಾನೂ ಕುಳಿತ ಮೇಲೆ ನೀರಿನ ತಂಪು ಗಾಳಿ ಮುಖಕ್ಕೆ ಬಡಿದಾಗ ಅವಳಿಗೊಂದು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಅವಳು ತಲೆಯೆತ್ತಿ ನೋಡಿದರೆ ಕಾಣುವುದೇನು? ಇನ್ನೊಂದು ತಾಯಿ, ಬಾಯಲ್ಲಿ ಮೀನು ಹಿಡಿದು ಬಂದು, ನಾಲ್ಕು ಕಡೆಯಿಂದ ಚುಚ್ಚುವ ಮಕ್ಕಳ ನಡುವೆ ನಿಂತಿರುತ್ತಾಳೆ. ಹಕ್ಕಿ ನೋಡಲು ಬಂದ ಹೆಂಗಸರು ಅಷ್ಟು ಹೊತ್ತು ಸುಮ್ಮನೆ ಕುಳಿತುಬಿಡುವುದಕ್ಕೆ ಇದೂ ಒಂದು ಕಾರಣವಿರಬೇಕು.

ರಂಗನತಿಟ್ಟು ಚಿಕ್ಕ ಜಾಗ. ಒಂದು ಚದರ ಕಿಲೋಮೀಟರು ಕೂಡ ಇಲ್ಲ. ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದಾಗಿ ಮೂಡಿದ ತಿಟ್ಟುಗಳಲ್ಲಿ ಬಿದಿರು, ಮತ್ತಿ, ನೇರಳೆಗಳು ಬೆಳೆದು ಹಕ್ಕಿಗಳಿಗೆ ನೆಲೆಯಾಯಿತು. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಇದರ ಬೆಲೆ ಕಂಡು ಅರಮನೆಗೆ ತಿಳಿಸಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿ, ಜೋತುಬಿದ್ದ ಬಾವಲಿಗಳು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳು, ಇಷ್ಟೂ ಒಂದೇ ಕಡೆ. ಇಲ್ಲಿಯ ಕಟ್ಟಳೆ ಒಂದೇ: ನೋಡಬಹುದು, ಮುಟ್ಟುವಂತಿಲ್ಲ. ದೋಣಿ ಗೂಡಿಗೆ ತೀರ ಹತ್ತಿರ ಹೋಗುವುದಿಲ್ಲ, ಇಳಿಯುವ ಮಾತಂತೂ ಇಲ್ಲ.

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ತಂಗಿಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ದೋಣಿ ಒಂದು ತಿಟ್ಟನ್ನು ಬಳಸಿ ಬರುತ್ತಿದ್ದಾಗ ಮೇಲಿನ ಗೂಡಿನಲ್ಲಿ ಏನೋ ನೂಕುನುಗ್ಗಲಾಯಿತು. ಬಣ್ಣದ ಕೊಕ್ಕರೆಯ ಒಂದು ಮರಿ, ಇನ್ನೂ ಮೈತುಂಬ ಬಿಳಿ ನವಿರು, ಕೊಂಬೆಗೆ ತಾಗಿ ಬಂಡೆಯ ಅಂಚಿಗೆ ಬಿತ್ತು. ಅರ್ಧ ಮೈ ನೀರಿನಲ್ಲಿ, ಅರ್ಧ ಕಲ್ಲಿನ ಮೇಲೆ. ರೆಕ್ಕೆ ಬಡಿಯುತ್ತಿತ್ತು. ಆರನೆಯ ತರಗತಿಯ ಹುಡುಗಿ ಎದ್ದು ನಿಂತುಬಿಟ್ಟಳು. “ಅಂಕಲ್, ಅಲ್ಲಿಗೆ ಹೋಗಿ, ಎತ್ಕೊಳ್ಳೋಣ.” ದೋಣಿಯವರು ಹುಟ್ಟನ್ನು ನೀರಿಗೆ ಆನಿಸಿ “ಕೂತ್ಕಳವ್ವ, ದೋಣಿ ವಾಲ್ತದೆ” ಎಂದರು. ಅವಳು ನನ್ನ ಕಡೆ ತಿರುಗಿ, “ದೊಡ್ಡಮ್ಮ, ನೀನಾದ್ರೂ ಹೇಳು” ಎಂದಳು.

ದೋಣಿಯವರೇ ಉತ್ತರ ಕೊಟ್ಟರು. “ನಾವು ಅಲ್ಲಿಗೆ ಹೋದ್ರೆ ಮೇಲಿರೋವೆಲ್ಲ ಗಾಬರಿ ಬಿದ್ದು ಏಳ್ತವೆ. ಇನ್ನೂ ನಾಕು ಮರಿ ಬೀಳ್ತವೆ. ಆಮೇಲೆ, ಅಗೋ ಅಲ್ಲಿ ಮಲಗಿದೆಯಲ್ಲ, ಅದಕ್ಕೂ ಮಕ್ಕಳು ಅವೆ ಕಣವ್ವ.” ಅವರು ತೋರಿಸಿದ ಕಡೆ ಮೊಸಳೆಯೊಂದು ಬಂಡೆಯ ಬಣ್ಣದ್ದೇ ಆಗಿ ಬಿದ್ದುಕೊಂಡಿತ್ತು. ದೋಣಿ ಮುಂದೆ ಹೋಯಿತು. ಮರಿಗೆ ಏನಾಯಿತೆಂದು ನಾವು ನೋಡಲಿಲ್ಲ. ಜಮಖಾನ ಹಾಸಿ ಊಟಕ್ಕೆ ಕುಳಿತಾಗ ಹುಡುಗಿ ಪುಳಿಯೋಗರೆ ಮುಟ್ಟಲಿಲ್ಲ. “ಎಲ್ಲರೂ ನೋಡ್ತಾ ಇದ್ದರು, ಯಾರೂ ಏನೂ ಮಾಡಲಿಲ್ಲ” ಎಂದು ಒಂದೇ ಸಮ ಹೇಳುತ್ತಿದ್ದಳು. ಆ ಮಾತಿನಲ್ಲಿ ಸತ್ಯವಿತ್ತು. ದೋಣಿಯವರ ಮಾತಿನಲ್ಲೂ ಸತ್ಯವಿತ್ತು.

ಅದೇ ರಜೆಯಲ್ಲಿ ಅವಳನ್ನು ಕೊಕ್ಕರೆ ಬೆಳ್ಳೂರಿಗೂ ಕರೆದುಕೊಂಡು ಹೋದೆ. ಬೆಂಗಳೂರು ಮೈಸೂರು ಹೆದ್ದಾರಿಯಿಂದ ಒಳಗೆ, ಶಿಂಷಾ ನದಿಗೆ ಹತ್ತಿರದ ಹಳ್ಳಿ ಅದು. ಅಲ್ಲಿ ಗೇಟಿಲ್ಲ, ತಿಟ್ಟಿಲ್ಲ. ಹಕ್ಕಿಗಳು ಗೂಡು ಕಟ್ಟುವುದು ಮನೆಗಳ ಹಿತ್ತಲಿನ ಹುಣಸೆ, ಅತ್ತಿ, ಅರಳಿ ಮರಗಳಲ್ಲಿ. ಕೆಳಗೆ ಹಸು ಕಟ್ಟಿರುತ್ತಾರೆ, ಪಾತ್ರೆ ತೊಳೆಯುತ್ತಾರೆ, ಮಕ್ಕಳು ಗೋಲಿ ಆಡುತ್ತಾರೆ. ಮೇಲೆ ಕೈಚೀಲದಂತೆ ಕೊಕ್ಕು ಇಳಿಬಿಟ್ಟುಕೊಂಡು ಹೆಜ್ಜಾರ್ಲೆಗಳು ಕುಳಿತಿರುತ್ತವೆ. ಹಳೆಯ ಊರು ನದಿಯ ದಡದಲ್ಲಿತ್ತೆಂದೂ, ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಹಿರಿಯರು ಹೇಳುತ್ತಾರೆ. ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ವಿಷಯವನ್ನು ಹೊರಗಿನವರಿಗೆ ತಿಳಿಸುವ ಮೊದಲೇ ಊರವರು ಹಕ್ಕಿಗಳ ಜೊತೆ ಬದುಕಿಕೊಂಡಿದ್ದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಆ ಊರಿನ ಹೆಂಗಸರನ್ನು ಕೇಳಿ ನೋಡಿ: ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಕೇಳಿದವರು ಇದೊಂದು ಚೆಂದದ ಮಾತು ಎಂದುಕೊಂಡು ಹೋಗುತ್ತಾರೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಚೆಂದದ ಮಾತಿನಲ್ಲಿ ತೀರುವಂಥದಲ್ಲ. ಹುಣಸೆಹಣ್ಣು ಬಡಿಯುವ ಕಾಲವೂ ಮರದಲ್ಲಿ ಮರಿಗಳಿರುವ ಕಾಲವೂ ಒಂದೇ. ಮರ ಬಡಿದರೆ ಗೂಡು ಉಳಿಯುವುದಿಲ್ಲ. ಬಡಿಯದಿದ್ದರೆ ವರ್ಷದ ಹುಣಸೆಯೂ ಇಲ್ಲ, ಮಾರಿ ಬರುವ ಕಾಸೂ ಇಲ್ಲ. ನಮ್ಮ ಸಂಸಾರಗಳಲ್ಲಿ ಹುಣಸೆಹಣ್ಣೆಂದರೆ ಏನೆಂದು ಗಂಡಸರಿಗೆ ಬಿಡಿಸಿ ಹೇಳಬೇಕಾದೀತು, ನಿಮಗೆ ಬೇಡ. ಈ ನಷ್ಟಕ್ಕೆಂದು ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುವ ಏರ್ಪಾಡು ಮಾಡಿತು. ಹಿಕ್ಕೆಯ ವಾಸನೆ, ಉದುರಿದ ಮೀನಿನ ನಾತ, ಬೆಳಗಾದರೆ ಬಿಳಿಯಾಗಿರುವ ಅಂಗಳ, ಇದಕ್ಕೆಲ್ಲ ಪರಿಹಾರ ಕೊಡುವವರು ಯಾರು? ಊರವರು ಅದನ್ನೂ ವ್ಯರ್ಥ ಮಾಡಲಿಲ್ಲ. ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಕೂಡಿಸಿ ಹೊಲಕ್ಕೆ ಗೊಬ್ಬರ ಮಾಡಿಕೊಂಡರು.

ಅಲ್ಲಿ ಬಿದ್ದ ಮರಿಯನ್ನು ಎತ್ತುತ್ತಾರೆ. 1990ರ ದಶಕದಲ್ಲಿ ಊರಿನ ಉತ್ಸಾಹಿಗಳು ಹೊರಗಿನ ಪಕ್ಷಿಪ್ರೇಮಿಗಳ ನೆರವಿನಿಂದ ಹೆಜ್ಜಾರ್ಲೆ ಬಳಗ ಎಂದು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿ ಹಾಕಿದ ಜಾಗದಲ್ಲಿಟ್ಟು, ಮೀನು ಹಾಕಿ ಬೆಳೆಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸಕ್ಕೆ ನಿಂತರು. ಹೆಜ್ಜಾರ್ಲೆಯ ಮರಿಯ ಹೊಟ್ಟೆ ಒಂದೆರಡು ಮೀನಿಗೆ ತುಂಬುವುದಲ್ಲ. ಅದು ಬೆಳೆದು ಹಾರುವುದಕ್ಕೆ ತಿಂಗಳುಗಳೇ ಬೇಕು. ದಿನವೂ ಮೀನು ತರಬೇಕು, ನಾಯಿ ಬಾರದಂತೆ ಕಾಯಬೇಕು. ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಹುಡುಗಿ ಒಂದು ಮಾತು ಕೇಳಿದಳು. “ದೊಡ್ಡಮ್ಮ, ಅಲ್ಲಿ ಎತ್ತಬಾರದು ಅಂತಾರೆ, ಇಲ್ಲಿ ಎತ್ತಬೇಕು ಅಂತಾರೆ. ಇಬ್ಬರಲ್ಲಿ ಯಾರು ಸರಿ?”

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಇಂಥ ಪ್ರಶ್ನೆಗೆ “ಇಬ್ಬರೂ ಸರಿ” ಎಂದು ಹೇಳಿ ಮುಗಿಸುವುದು ಮಾಸ್ತರಿಕೆಯ ಹಳೆಯ ಉಪಾಯ. ಆದರೆ ಮಕ್ಕಳು ಅದನ್ನು ಒಪ್ಪುವುದಿಲ್ಲ. ಯಾಕೆ ಸರಿ ಎಂದು ಕೇಳುತ್ತಾರೆ. ಆ ಯಾಕೆ ಎನ್ನುವುದನ್ನು ಹುಡುಕುತ್ತ ಹೋದಾಗ ನನಗೆ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲನೆಯದು, ಎಲ್ಲ ಬೀಳುವಿಕೆಯೂ ಬೀಳುವಿಕೆಯಲ್ಲ. ನಮ್ಮ ಹಿತ್ತಲಿನಲ್ಲಿ ಮೈನಾ, ಪಿಕಳಾರದ ಮರಿಗಳು ನೆಲದ ಮೇಲೆ ಕುಪ್ಪಳಿಸುವುದನ್ನು ನೀವು ನೋಡಿರುತ್ತೀರಿ. ಮೈಮೇಲೆ ಗರಿ ಬಂದಿದ್ದು, ಬಾಲ ಮಾತ್ರ ಮೋಟಾಗಿದ್ದರೆ ಅದು ಬಿದ್ದ ಮರಿಯಲ್ಲ, ಹಾರಲು ಕಲಿಯುತ್ತಿರುವ ಮರಿ. ಅಪ್ಪ ಅಮ್ಮ ಹತ್ತಿರದಲ್ಲೇ ಎಲ್ಲೋ ಕುಳಿತು ನಾವು ಆಚೆ ಹೋಗಲೆಂದು ಕಾಯುತ್ತಿರುತ್ತವೆ. ಅದನ್ನು ಎತ್ತಿ ಒಳಗೆ ತಂದು ಹಾಲು ಅನ್ನ ಹಾಕುವುದೆಂದರೆ ಶಾಲೆಗೆ ಹೊರಟ ಮಗುವನ್ನು ದಾರಿಯಲ್ಲಿ ಹಿಡಿದು ಮನೆಗೆ ಕರೆತಂದ ಹಾಗೆ. ನಾಯಿ ಬೆಕ್ಕನ್ನು ಓಡಿಸಿ, ನಾವೂ ಸರಿದು ನಿಂತರೆ ಸಾಕು. ಇನ್ನೂ ಗರಿ ಮೂಡದ ಬೆತ್ತಲೆ ಮರಿಯಾದರೆ ಮಾತು ಬೇರೆ. ಗೂಡು ಕೈಗೆ ಎಟುಕಿದರೆ ಅಲ್ಲೇ ಮೆಲ್ಲಗೆ ಇಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದು ನಿಜವಲ್ಲವೆಂದು ಈಗ ತಿಳಿದಿದೆ. ಸಾಮಾನ್ಯವಾಗಿ ಹಕ್ಕಿಗಳು ಅಷ್ಟಕ್ಕೇ ಮಕ್ಕಳನ್ನು ಬಿಡುವುದಿಲ್ಲ.

ಕರುಣೆ ಉಕ್ಕಿ ಬಂದು ಮಾಡಿದ ಕೆಲಸವೇ ಪ್ರಾಣಕ್ಕೆ ಎರವಾದ ಸಂಗತಿಯೊಂದು ಅಮೆರಿಕದಲ್ಲಿ ನಡೆಯಿತು. ಯೆಲ್ಲೋಸ್ಟೋನ್ ಎಂಬ ಹೆಸರಾಂತ ರಾಷ್ಟ್ರೀಯ ಉದ್ಯಾನದಲ್ಲಿ, 2016ರ ಮೇ ತಿಂಗಳಲ್ಲಿ, ನೋಡಲು ಬಂದವರು ಬೈಸನ್ ಎಂಬ ಕಾಡುದನದ ಕರುವೊಂದು ಚಳಿಯಲ್ಲಿ ಇದೆಯೆಂದು ಮರುಗಿ ಅದನ್ನು ತಮ್ಮ ಕಾರಿನಲ್ಲಿ ಹಾಕಿಕೊಂಡು ಬಂದರು. ಉದ್ಯಾನದವರು ಅದನ್ನು ಮತ್ತೆ ಹಿಂಡಿಗೆ ಸೇರಿಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಹಿಂಡು ಸೇರಿಸಲಿಲ್ಲ, ಕರು ರಸ್ತೆಗೆ ಬಂದು ಜನರ ಹಿಂದೆ, ವಾಹನಗಳ ಹಿಂದೆ ಅಲೆಯತೊಡಗಿತು. ಕೊನೆಗೆ ಅದನ್ನು ಕೊಲ್ಲಬೇಕಾಯಿತು. ಆ ಜನ ಕೆಟ್ಟವರಲ್ಲ. ಅವರಿಗೆ ಚಳಿ ಆಗುತ್ತಿತ್ತು. ಕರುವಿಗೂ ಆಗುತ್ತಿದೆ ಎಂದುಕೊಂಡರು. ನಮ್ಮ ಸಂಕಟವನ್ನು ಇನ್ನೊಂದು ಜೀವದ ಮೇಲೆ ಹೊದಿಸಿ ಅದನ್ನೇ ಕರುಣೆ ಎಂದು ತಿಳಿಯುವುದು ಎಷ್ಟು ಸುಲಭ!

ಎರಡನೆಯದು, ಬಿದ್ದದ್ದರಲ್ಲಿ ಯಾರ ಕೈಯಿದೆ ಎಂದು ಕೇಳಿಕೊಳ್ಳುವುದು. ರಂಗನತಿಟ್ಟಿನ ಆ ಮರಿ ಬಿದ್ದದ್ದು ಅಣ್ಣತಮ್ಮಂದಿರ ನೂಕಾಟದಲ್ಲಿ. ಕೊಕ್ಕರೆ ಎಷ್ಟು ಕಾಲದಿಂದ ಇದೆಯೋ ಆ ನೂಕಾಟವೂ ಅಷ್ಟು ಕಾಲದಿಂದ ಇದೆ; ಕೆಳಗೆ ಕಾಯುವ ಮೊಸಳೆಯೂ ಇದೆ. ಅದು ಅವರವರ ಹಳೆಯ ವ್ಯವಹಾರ. ನಾವು ಕೈ ಹಾಕಿದರೆ ಒಂದರ ಪ್ರಾಣ ಉಳಿಸಿ ಇನ್ನೊಂದರ ಅನ್ನ ಕಿತ್ತುಕೊಂಡ ಹಾಗೆ. ಕೊಕ್ಕರೆ ಬೆಳ್ಳೂರಿನಲ್ಲಿ ಹಾಗಲ್ಲ. ಹಕ್ಕಿ ನಮ್ಮ ಅಂಗಳದ ಮರದಲ್ಲಿ ಕುಳಿತಿದೆ. ಬಿದ್ದರೆ ಗಟ್ಟಿ ನೆಲ, ಬೀದಿನಾಯಿ, ಓಡಾಡುವ ಗಾಡಿ. ನಮ್ಮ ಮನೆಯನ್ನು ನಂಬಿ ಬಂದದ್ದಕ್ಕೆ ನಮ್ಮ ಮನೆಯಿಂದಲೇ ಆಪತ್ತು. ಅಲ್ಲಿ ಎತ್ತುವುದು ಬರೀ ದಯೆಯಲ್ಲ. ಅದು ಸಾಲ ತೀರಿಸುವ ಕೆಲಸ.

ಇಲ್ಲಿ ಬುದ್ಧಿವಂತರು ಒಂದು ಆಕ್ಷೇಪ ಎತ್ತಬಹುದು. ರಂಗನತಿಟ್ಟಿನ ತಿಟ್ಟುಗಳೇ ಮನುಷ್ಯರು ಕಟ್ಟಿದ ಒಡ್ಡಿನಿಂದ ಆದವು. ಮೇಲ್ಗಡೆ ಕನ್ನಂಬಾಡಿಯ ಗೇಟು ನಮ್ಮ ಕೈಯಲ್ಲಿದೆ. ಹಾಗಿರುವಾಗ ನಮ್ಮ ಕೈ ಇಲ್ಲದ ಜಾಗ ಯಾವುದು, ಪ್ರಕೃತಿ ಎಂದರೆ ಯಾವುದು? ಈ ಮಾತು ನಿಜ. 2019ರ ಆಗಸ್ಟಿನಲ್ಲಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಿಟ್ಟಾಗ ತಗ್ಗಿನ ತಿಟ್ಟುಗಳ ಮೇಲೆಲ್ಲ ಹೊಳೆ ಹರಿಯಿತು. ಆ ನೀರಿನಲ್ಲಿ ಗೂಡು ಹೋದರೆ ಅದನ್ನು ಹಳೆಯ ವ್ಯವಹಾರ ಎಂದು ಕೈಕಟ್ಟಿ ಕೂರುವ ಹಾಗಿಲ್ಲ. ಕೊಚ್ಚಿಹೋಗುವ ತಿಟ್ಟುಗಳ ಅಂಚಿಗೆ ಅರಣ್ಯ ಇಲಾಖೆಯವರು ಮರಳಿನ ಮೂಟೆ ಇಟ್ಟು ಭದ್ರಪಡಿಸಿದ್ದು ಸರಿಯಾದ ಕೆಲಸವೇ. ಆದ್ದರಿಂದ ಗೆರೆ ಎಳೆಯಬೇಕಾದ್ದು ಕಾಡಿಗೂ ಊರಿಗೂ ನಡುವೆ ಅಲ್ಲ. ಒಂದೇ ನದಿಯಲ್ಲಿ, ಒಂದೇ ಮರದಲ್ಲಿ, ಈ ಬೀಳುವಿಕೆ ಯಾರದ್ದು ಎಂದು ಒಂದೊಂದಕ್ಕೂ ಬೇರೆಬೇರೆಯಾಗಿ ಕೇಳಬೇಕು. ಮೊಸಳೆ ಹಿಡಿದ ಮರಿ ಬೇರೆ, ನಾವು ಬಿಸಾಡಿದ ನೈಲಾನು ಬಲೆಯ ಚೂರು ಕಾಲಿಗೆ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುವ ಹಕ್ಕಿ ಬೇರೆ. ಎರಡನೆಯದನ್ನು ಕಂಡೂ “ಪ್ರಕೃತಿ” ಎನ್ನುವುದು ಜಾರಿಕೊಳ್ಳುವ ಮಾತು.

2017ರ ಕೊನೆಯಿಂದ 2018ರ ವರೆಗೆ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದರಂತೆ ಮರದಿಂದ ಬಿದ್ದು ಸತ್ತವು. ಬಿದ್ದವು ಮರಿಗಳಲ್ಲ, ಬೆಳೆದ ಹಕ್ಕಿಗಳು. ಪರೀಕ್ಷೆ ಮಾಡಿದಾಗ ಹೊಟ್ಟೆಯೊಳಗೆ ರಾಶಿ ಹುಳುಗಳು ಸಿಕ್ಕವು. ತಿಂದ ಮೀನಿನ ಮೂಲಕ ಅವು ಒಳಗೆ ಸೇರುತ್ತವೆ. ಹಕ್ಕಿ ಮೀನು ಹಿಡಿಯುವುದು ಸುತ್ತಲಿನ ಕೆರೆಗಳಲ್ಲಿ. ಆ ಕೆರೆಗಳಿಗೆ ಏನೇನು ಸೇರುತ್ತದೆ ಎನ್ನುವುದು ನಮಗೆಲ್ಲ ಗೊತ್ತಿರುವುದೇ. ಆ ಚಳಿಗಾಲದಲ್ಲಿ ಎತ್ತಿದರೂ ಎತ್ತಿದ ಹಕ್ಕಿ ಉಳಿಯುತ್ತಿರಲಿಲ್ಲ. ಆಗ ಅರ್ಥವಾಗುವ ಮಾತೆಂದರೆ, ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳದ ಹಾಗೆ ನೋಡಿಕೊಳ್ಳುವುದು ದೊಡ್ಡದು. ಅದು ಕಣ್ಣಿಗೆ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ. ನಮ್ಮ ಊರಿನ ಕೆರೆಯ ದಂಡೆಗೆ ಪ್ಲಾಸ್ಟಿಕ್ ಚೀಲ ಎಸೆಯದಿರುವುದು, ಹಳೆಯ ಅತ್ತಿಮರವನ್ನು ನೆರಳು ಜಾಸ್ತಿಯಾಯಿತೆಂದು ಕಡಿಸದಿರುವುದು, ಇವೆಲ್ಲ ಮರಿ ಎತ್ತುವ ಕೆಲಸಗಳೇ.

ಇಷ್ಟು ಹೇಳಿದ ಮೇಲೆ ಹಕ್ಕಿಯ ವಿಷಯದಿಂದ ಒಂದು ಹೆಜ್ಜೆ ಈಚೆಗೆ ಬರಬೇಕಾಗಿದೆ. “ಕೈ ಹಾಕಬಾರದು” ಎಂಬ ಮಾತನ್ನು ನಾನು ದೋಣಿಯಲ್ಲಿ ಕೇಳುವುದಕ್ಕೆ ಬಹಳ ಮೊದಲೇ ನಮ್ಮ ಬೀದಿಯಲ್ಲಿ ಕೇಳಿದ್ದೆ. ನನ್ನ ಹತ್ತಿರ ಓದಿದ ಒಬ್ಬ ಹುಡುಗಿ ಮದುವೆಯಾಗಿ ಮೂರು ವರ್ಷಕ್ಕೆ, ಕಂಕುಳಲ್ಲಿ ಮಗು, ಕೈಮೇಲೆ ಬಾಸುಂಡೆ, ರಾತ್ರಿಯ ಕೊನೆಯ ಬಸ್ಸಿಗೆ ತವರಿಗೆ ಬಂದಳು. ಬೆಳಗಾಗುವಷ್ಟರಲ್ಲಿ ಬೀದಿಯೆಲ್ಲ ಉತ್ತರ ಹೇಳಿಯಾಗಿತ್ತು. “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.” “ಅವರ ಸಂಸಾರ, ನಾವು ತಲೆ ಹಾಕಬಾರದು.” “ಹೊಂದಿಕೊಂಡು ಹೋಗುವುದು ಹೆಣ್ಣಿನ ಪ್ರಕೃತಿ.” ನೋಡಿ, ಇಲ್ಲೂ ಅದೇ ಪದ!

ತಿಟ್ಟಿನ ಮೇಲೆ ವಿವೇಕವಾದ ಮಾತು ಬೀದಿಯಲ್ಲಿ ಕ್ರೌರ್ಯವಾಗುವುದು ಹೀಗೆ. ಮೊಸಳೆಗೆ ಬೇರೆ ದಾರಿಯಿಲ್ಲ, ಅದಕ್ಕೆ ಹೊಟ್ಟೆಯ ಕಟ್ಟಳೆ. ಹೊಡೆಯುವ ಗಂಡಸಿಗೆ ದಾರಿಯಿದೆ. ಅವನು ಹೊಡೆಯದೆ ಇರಬಹುದು. ಮನುಷ್ಯರು ಮಾಡಿದ್ದನ್ನು ಪ್ರಕೃತಿಯ ಹೆಸರಿಗೆ ಬರೆದು ಕೈತೊಳೆದುಕೊಳ್ಳುವುದು ಆ ಪದಕ್ಕೂ ಅವಮಾನ, ಪ್ರಾಣಿಗಳಿಗೂ ಅವಮಾನ. ಮನೆಯೊಳಗಿನ ಹೊಡೆತ ಮನೆಯ ಒಳಗಿನ ವಿಷಯವಲ್ಲ ಎಂದು ದೇಶದ ಕಾನೂನೇ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯಲ್ಲಿ ಹೇಳಿದೆ.

ಆ ಹುಡುಗಿಯ ತಾಯಿ ಕಾನೂನು ಓದಿದವಳಲ್ಲ, ಶಾಲೆಗೂ ಹೋದವಳಲ್ಲ. ಬೀದಿಯವರ ಮಾತಿಗೆ ಎದುರಾಡಲಿಲ್ಲ. ಮಗಳಿಗೆ ನೀರು ಕಾಯಿಸಿಕೊಟ್ಟಳು, ಮಗುವಿಗೆ ಹಾಲು ಕುಡಿಸಿದಳು. ಆಮೇಲೆ “ಏನ್ ಮಾಡಬೇಕು ಅಂತಿದ್ದೀಯ ಮಗ?” ಎಂದು ಕೇಳಿದಳು. ಅಷ್ಟು ಜನರಲ್ಲಿ ಅವಳನ್ನು ಕೇಳಿದವಳು ಅವಳೊಬ್ಬಳೇ. ಮರಿಗೂ ಮಗಳಿಗೂ ಇರುವ ವ್ಯತ್ಯಾಸ ಇದೇ. ಮರಿಗೆ ಬಾಯಿಲ್ಲ, ನಾವೇ ಊಹಿಸಿಕೊಳ್ಳಬೇಕು. ಮಗಳಿಗೆ ಬಾಯಿದೆ. ಎತ್ತುವ ಮೊದಲು ಕೇಳಬಹುದು, ಕೇಳಲೇಬೇಕು. ಕೇಳದೆ ಎತ್ತಿಕೊಂಡು ಹೋದರೆ ನಾವೂ ಆ ಕಾರಿನವರ ಹಾಗೆ ಆಗುತ್ತೇವೆ. ಆ ಹುಡುಗಿ ಓದನ್ನು ಮುಂದುವರಿಸುತ್ತೇನೆ ಎಂದಳು. ಓದಿದಳು, ಕೆಲಸ ಹಿಡಿದಳು, ಈಗ ಬೇರೆ ಊರಿನಲ್ಲಿ ಮಗುವಿನೊಂದಿಗೆ ತನ್ನದೇ ಮನೆ ಮಾಡಿಕೊಂಡಿದ್ದಾಳೆ.

ಮೂರನೆಯ ಮಾತು ಅಲ್ಲಿಂದಲೇ ಹೊರಡುತ್ತದೆ. ಎತ್ತಿದವರು ಬಿಡುವುದಕ್ಕೂ ಸಿದ್ಧರಿರಬೇಕು. ತವರು ಎಂದರೆ ಬರಮಾಡಿಕೊಳ್ಳುವ ಜಾಗ ಎಂದಷ್ಟೇ ನಾವು ಹಾಡುತ್ತೇವೆ, ಹೇಳುತ್ತೇವೆ. ಮಡಿಲು ತುಂಬಿ ಕಳಿಸುವುದೂ ತವರೇ. ಕೊಕ್ಕರೆ ಬೆಳ್ಳೂರಿನವರ ಹೋಲಿಕೆ ಎಷ್ಟು ಸರಿಯಾಗಿದೆ ಎಂದು ನನಗೆ ಮೊದಲು ಹೊಳೆದಿರಲಿಲ್ಲ. ಅವರು ಆ ಹಕ್ಕಿಗಳನ್ನು ಮಕ್ಕಳೆಂದರು, ಆದರೆ ತಮ್ಮವೆನ್ನಲಿಲ್ಲ. ಕೈಯಾರೆ ಮೀನು ತಿನ್ನಿಸಿ ಬೆಳೆಸಿದ ಹೆಜ್ಜಾರ್ಲೆಯೂ ರೆಕ್ಕೆ ಬಲಿತ ದಿನ ಹಾರಬೇಕು. ಹಾರದೆ ಬೇಲಿಯೊಳಗೇ ಉಳಿದರೆ ಅವರ ಕೆಲಸ ಕೆಟ್ಟಿತೆಂದೇ ಅರ್ಥ. ಗಿಳಿಮರಿಯನ್ನು ತಂದು ಪಂಜರದಲ್ಲಿಟ್ಟು “ಎಷ್ಟು ಪ್ರೀತಿಯಿಂದ ಸಾಕಿದ್ದೇವೆ” ಎನ್ನುವವರಿಗೂ ಇವರಿಗೂ ಇರುವ ದೂರ ಇದು. ಅಂದಹಾಗೆ ನಮ್ಮ ಗಿಳಿಗಳನ್ನು ಹೀಗೆ ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಎತ್ತುವುದಕ್ಕೂ ಕೈಕಟ್ಟಿ ನಿಲ್ಲುವುದಕ್ಕೂ ನಡುವೆ ಇನ್ನೊಂದು ದಾರಿಯೂ ಇದೆ. ಬಿಬಿಸಿಯವರು 2018ರಲ್ಲಿ ತೋರಿಸಿದ ಪ್ರಾಣಿಗಳ ಚಿತ್ರಸರಣಿಗೆಂದು ಅಂಟಾರ್ಕ್ಟಿಕದಲ್ಲಿ ಪೆಂಗ್ವಿನ್‌ಗಳ ಚಿತ್ರ ತೆಗೆಯುತ್ತಿದ್ದಾಗ, ಮರಿಗಳನ್ನು ಹೊತ್ತ ಕೆಲವು ಪೆಂಗ್ವಿನ್‌ಗಳು ಹಿಮದ ಕಂದಕಕ್ಕೆ ಬಿದ್ದು ಮೇಲೆ ಬರಲಾರದೆ ಸಿಕ್ಕಿಕೊಂಡವು. ಅಂಥ ಚಿತ್ರ ತೆಗೆಯುವವರದೂ ಅದೇ ಕಟ್ಟಳೆ, ಕೈ ಹಾಕಬಾರದೆಂದು. ಅವರು ಒಂದೂ ಹಕ್ಕಿಯನ್ನು ಮುಟ್ಟಲಿಲ್ಲ. ಹಿಮವನ್ನು ಕಡಿದು ಇಳಿಜಾರಿನ ದಾರಿಯೊಂದನ್ನು ಮಾಡಿ ಹಿಂದೆ ಸರಿದರು. ಹಕ್ಕಿಗಳು ತಾವೇ ನಡೆದು ಮೇಲೆ ಬಂದವು. ಅಲ್ಲಿ ಮನುಷ್ಯರ ಕೈ ಇರಲಿಲ್ಲವಾದ್ದರಿಂದ ಅವರು ಅಷ್ಟನ್ನೂ ಮಾಡಬೇಕಾಗಿರಲಿಲ್ಲ ಎನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಯಾರ ಅನ್ನವನ್ನೂ ಕಿತ್ತುಕೊಳ್ಳದೆ, ಯಾರನ್ನೂ ಹೊತ್ತೊಯ್ಯದೆ ಮಾಡಿದ ಕೆಲಸ ಅದು. ಮಕ್ಕಳನ್ನು ಬೆಳೆಸುವವರಿಗೂ, ಪಾಠ ಹೇಳುವವರಿಗೂ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಹೊರುವುದಲ್ಲ, ನಡೆಯುವಷ್ಟು ದಾರಿ ಮಾಡಿ ಬದಿಗೆ ನಿಲ್ಲುವುದು.

ತಂಗಿಯ ಮಗಳಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಬಿದ್ದ ಮರಿಯನ್ನು ಕಂಡಾಗ ಮೂರು ಮಾತು ಕೇಳಿಕೊಳ್ಳಬೇಕು ಎಂದೆ. ಇದು ನಿಜವಾಗಿ ಬಿದ್ದಿದೆಯೇ? ಬೀಳಿಸಿದ್ದರಲ್ಲಿ ನಮ್ಮ ಕೈ ಇದೆಯೇ? ಎತ್ತಿದರೆ ಹಾರಿಸಿಬಿಡುವ ತನಕ ಜೊತೆಗಿದ್ದು, ಆಮೇಲೆ ಬಿಟ್ಟುಕೊಡಬಲ್ಲೆನೇ? ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ರಂಗನತಿಟ್ಟಿನ ಮರಿಗೆ ಅಳಬಾರದಿತ್ತಾ ದೊಡ್ಡಮ್ಮ?” ಎಂದು ಕೇಳಿದಳು.

ಅಳಬಾರದೆಂದು ಯಾವ ಕಟ್ಟಳೆಯೂ ಇಲ್ಲ. ಎತ್ತಲಾಗದ್ದಕ್ಕೆ ಅಳುವುದೂ ಒಂದು ಗೌರವ. ದೋಣಿಯಲ್ಲಿ ಕುಳಿತು ಫೋನಿನಲ್ಲಿ ಚಿತ್ರ ತೆಗೆದು ಮುಂದಿನ ಹಕ್ಕಿಗೆ ಕತ್ತು ತಿರುಗಿಸಿದವರಿಗಿಂತ, ಪುಳಿಯೋಗರೆ ಮುಟ್ಟದೆ ಕುಳಿತ ಆ ಹುಡುಗಿ ಆ ಮರಿಯನ್ನು ಹೆಚ್ಚು ಸರಿಯಾಗಿ ನೋಡಿದ್ದಳು. ಕೈಕಟ್ಟಿ ನಿಲ್ಲಬೇಕಾದ ಕಡೆ ನಿಲ್ಲೋಣ. ಆದರೆ ಕಟ್ಟಿದ ಕೈಯ ಹಿಂದೆ ಮನಸ್ಸು ಮರಗಟ್ಟಿರಬಾರದು. ಹಾಗಾದರೆ ನಮ್ಮ ಬೀದಿಗೆ ಬಂದಾಗಲೂ, ಬಾಗಿಲು ತಟ್ಟಿದ ಸದ್ದು ಕೇಳಿದಾಗಲೂ, ಆ ಕೈ ಬಿಚ್ಚಿಕೊಳ್ಳುವುದಿಲ್ಲ.

ಮುಂಗಾರು ಇಳಿಯುವ ಹೊತ್ತಿಗೆ ಕೊಕ್ಕರೆ ಬೆಳ್ಳೂರಿನ ಮರಗ‌ಳು ಬರಿದಾಗುತ್ತವೆ. ಹೆಂಗಸರು ಅಂಗಳ ಗುಡಿಸಿ, ಗುಂಡಿಯ ಗೊಬ್ಬರವನ್ನು ಹೊಲಕ್ಕೆ ಕಳಿಸುತ್ತಾರೆ. ಹೋದವು ಮತ್ತೆ ಬರುತ್ತವೆಯೇ ಎಂದು ಯಾರೂ ಕಾಗದ ಬರೆಸಿಕೊಂಡಿರುವುದಿಲ್ಲ. ಮರ ಮಾತ್ರ ಕಡಿಯದೆ ಉಳಿಸಿಕೊಂಡಿರುತ್ತಾರೆ.